ಕಿವಿಗೆ ಬಿದ್ದ ಯುದ್ಧಗಳು

(ಮಹಿಳಾ ವೇದಿಕೆಯ ಮಾಸಿಕ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹ ರೂಪ)



ಪುಸ್ತಕದ ಬಗ್ಗೆ ಮಾತಾಡು ಅಂತ ಕರೆದಿದ್ದೀರಿ. ನಾನು ನೋಡಿದರೆ ಬರಿಗೈಯಲ್ಲಿ ಬಂದಿದ್ದೇನೆ. ಕಳೆದ ಕೆಲವು ವರ್ಷಗಳಲ್ಲಿ ನಾನು ಓದಿದ ಪುಸ್ತಕಗಳಿಗಿಂತ ಕೇಳಿದ ಪುಸ್ತಕಗಳೇ ಜಾಸ್ತಿ. ಪುಣೆಯಲ್ಲಿ ದಿನಾ ಹಿಂಜವಡಿಗೆ ಹೋಗಿ ಬರುವವರಿಗೆ ಇದರ ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಹೀಗೆ ಕೇಳುತ್ತಾ ಕೇಳುತ್ತಾ ಎರಡು ಬಗೆಯ ಪುಸ್ತಕಗಳು ನನ್ನನ್ನು ಹಿಡಿದುಕೊಂಡವು. ಒಂದು, ಯುದ್ಧಕ್ಕೆ ಹೋಗಿ ಬಂದವರ ನೆನಪುಗಳು. ಇನ್ನೊಂದು, ವೈಜ್ಞಾನಿಕ ಕಾದಂಬರಿಗಳು. ಒಂದು ನಡೆದದ್ದು, ಇನ್ನೊಂದು ಎಲ್ಲೂ ನಡೆಯದೇ ಇರುವುದು. ಪುಸ್ತಕದಂಗಡಿಯಲ್ಲಿ ಇವೆರಡನ್ನೂ ಬೇರೆ ಬೇರೆ ಕಪಾಟಿನಲ್ಲಿ ಇಡುತ್ತಾರೆ. ಕಿವಿಯಲ್ಲಿ ಕೇಳಿದರೆ ಮಾತ್ರ ಇವು ಹತ್ತಿರದ ನೆಂಟರು ಅನ್ನುವುದು ನನ್ನ ಅಭಿಪ್ರಾಯ. ಅದನ್ನೇ ಇವತ್ತು ಹೇಳಬೇಕು ಅಂತಿದ್ದೇನೆ.

"ಹೆಂಗಸರ ವೇದಿಕೆಯಲ್ಲಿ ಯುದ್ಧದ ಮಾತೇಕೆ?" ಅಂತ ಯಾರಾದರೂ ಕೇಳಬಹುದು. ನಮ್ಮ ಅಜ್ಜಿಯಂದಿರ ಕಾಲದಿಂದಲೂ ಹೆಂಗಸರು ಯುದ್ಧವನ್ನು ಕೇಳುತ್ತಲೇ ಬಂದಿದ್ದಾರೆ. ಸಂಜೆ ದೇವಸ್ಥಾನದ ಜಗಲಿಯಲ್ಲಿ ಒಬ್ಬರು ಕುಮಾರವ್ಯಾಸ ಭಾರತವನ್ನು ವಾಚನ ಮಾಡುವುದು, ಇನ್ನೊಬ್ಬರು ಅರ್ಥ ಹೇಳುವುದು, ಸೆರಗಿನಿಂದ ಕಣ್ಣೊರೆಸಿಕೊಂಡು ಕರ್ಣನ ಸಾವನ್ನು ಕೇಳುವುದು, ಇದೆಲ್ಲ ನಮಗೆ ಹೊಸದಲ್ಲ. ಓದು ಬಾರದವರಿಗೂ ಗಮಕದಿಂದ ಕುರುಕ್ಷೇತ್ರ ಗೊತ್ತಿತ್ತು. ಹಾಗಾಗಿ ಆಡಿಯೋಬುಕ್ ಅಂದ ತಕ್ಷಣ ಇದೇನೋ ಅಮೆರಿಕದಿಂದ ಬಂದ ಫ್ಯಾಷನ್ ಅಂದುಕೊಳ್ಳಬೇಡಿ.

ಅಷ್ಟೇ ಅಲ್ಲ, ಆಡಿಯೋಬುಕ್ ಹುಟ್ಟಿನಲ್ಲೇ ಯುದ್ಧ ಇದೆ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಬ್ರಿಟಿಷ್ ಸೈನಿಕರಿಗಾಗಿ ಸೇಂಟ್ ಡನ್‌ಸ್ಟನ್ಸ್ ಎಂಬ ಸಂಸ್ಥೆ ಇತ್ತು. ಅದರ ಮುಖ್ಯಸ್ಥ ಇಯಾನ್ ಫ್ರೇಸರ್ ತಾನೇ 1916ರ ಸೊಮ್ ಕದನದಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಕಣ್ಣು ಕಳೆದುಕೊಂಡವನು. ದೊಡ್ಡವರಾದ ಮೇಲೆ ಕುರುಡರಾದವರಿಗೆ ಬ್ರೈಲ್ ಕಲಿಯುವುದು ಕಷ್ಟ, ಬೆರಳು ಅಷ್ಟು ಬೇಗ ಬಗ್ಗುವುದಿಲ್ಲ. ಆಗಿನ ಗ್ರಾಮಫೋನ್ ತಟ್ಟೆ ಒಂದು ಬದಿಗೆ ನಾಲ್ಕೈದು ನಿಮಿಷಕ್ಕೆ ಮುಗಿದುಹೋಗುತ್ತಿತ್ತು, ಅದರಲ್ಲಿ ಕಾದಂಬರಿ ಕೇಳುವುದು ಹೇಗೆ? ತಟ್ಟೆ ತಿರುಗುವ ವೇಗ ಇಳಿಸಿ, ಗೆರೆಗಳನ್ನು ಒತ್ತಾಗಿ ಕೊರೆದು, ಒಂದು ಬದಿಗೆ ಸುಮಾರು 25 ನಿಮಿಷ ಓದು ಹಿಡಿಸುವಂತೆ ಮಾಡಿದರು. 1935ರಲ್ಲಿ ಅಲ್ಲಿ ಮಾತಾಡುವ ಪುಸ್ತಕಗಳ ಸೇವೆ ಶುರುವಾಯಿತು. ಎರಡನೇ ಮಹಾಯುದ್ಧದ ಹೊತ್ತಿಗೆ, 1943ರಲ್ಲಿ, ಇದೇ ಸೇಂಟ್ ಡನ್‌ಸ್ಟನ್ಸ್ ಹೆಸರಿನ ವಸತಿ ಕೇಂದ್ರವೊಂದು ನಮ್ಮ ಡೆಹ್ರಾಡೂನಿನಲ್ಲೂ ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಭಾರತೀಯ ಸೈನಿಕರಿಗಾಗಿ ತೆರೆಯಿತು. ನಾವು ಈಗ ಪಾತ್ರೆ ತೊಳೆಯುತ್ತಾ ಇಯರ್‌ಫೋನ್ ಹಾಕಿಕೊಂಡು ಕೇಳುವ ವಸ್ತುವಿನ ಪೂರ್ವಜರು ಇವರು.

ಓದುವುದಕ್ಕೂ ಕೇಳುವುದಕ್ಕೂ ಇರುವ ಒಂದು ವ್ಯತ್ಯಾಸ ಯುದ್ಧದ ನೆನಪುಗಳಲ್ಲಿ ತುಂಬಾ ಮುಖ್ಯವಾಗುತ್ತದೆ. ಕಣ್ಣು ಕಳ್ಳ. ಪುಟದಲ್ಲಿ ರಕ್ತ, ಹುಳ, ಕೊಳೆತ ದೇಹ ಅಂತ ಎರಡು ಪದ ಕಂಡ ತಕ್ಷಣ ಅದು ಮುಂದಿನ ಪ್ಯಾರಾಗೆ ಹಾರುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಕಿವಿಗೆ ಆ ಸೌಲಭ್ಯ ಇಲ್ಲ. ಕೈ ಹಿಟ್ಟಿನಲ್ಲಿದೆ, ಫೋನ್ ದೂರದಲ್ಲಿದೆ, ಓದುವವನು ನಿಲ್ಲಿಸುವುದಿಲ್ಲ.

ಯೂಜೀನ್ ಸ್ಲೆಡ್ಜ್ ಬರೆದ 'ವಿತ್ ದಿ ಓಲ್ಡ್ ಬ್ರೀಡ್' ಕೇಳಿದಾಗ ನನಗೆ ಇದು ಚೆನ್ನಾಗಿ ಅರಿವಾಯಿತು. ಅಲಬಾಮಾದ ವೈದ್ಯರ ಮಗ. ಅಮೆರಿಕದ ಮರೀನ್ ಪಡೆ ಸೇರಿ 1944ರಲ್ಲಿ ಪೆಲೆಲಿಯು ದ್ವೀಪದಲ್ಲಿ, 1945ರಲ್ಲಿ ಒಕಿನಾವಾದಲ್ಲಿ ಜಪಾನೀಯರ ವಿರುದ್ಧ ಹೋರಾಡಿದ. ದಿನಚರಿ ಇಡುವಂತಿರಲಿಲ್ಲ, ಆದ್ದರಿಂದ ಜೇಬಿನಲ್ಲಿದ್ದ ಚಿಕ್ಕ ಬೈಬಲ್ಲಿನೊಳಗೆ ಕದ್ದು ಟಿಪ್ಪಣಿ ಬರೆದುಕೊಂಡ. ಆಮೇಲೆ ಜೀವಶಾಸ್ತ್ರದ ಪ್ರೊಫೆಸರ್ ಆದ. ಪುಸ್ತಕ ಬಂದದ್ದು 1981ರಲ್ಲಿ. ಮೊದಲು ಮನೆಯವರಿಗಾಗಿ ಅಂತ ಬರೆಯುತ್ತಿದ್ದುದನ್ನು ಪ್ರಕಟಿಸಲು ಒತ್ತಾಯಿಸಿದವಳು ಹೆಂಡತಿ ಜೀನ್. ಇದರ ಧ್ವನಿರೂಪದಲ್ಲಿ ಓದುವವರಲ್ಲಿ ಜೋ ಮ್ಯಾಝೆಲ್ಲೊ ಕೂಡ ಇದ್ದಾನೆ. 'ದಿ ಪೆಸಿಫಿಕ್' ಟಿವಿ ಸರಣಿಯಲ್ಲಿ ಸ್ಲೆಡ್ಜ್ ಆಗಿ ನಟಿಸಿದವನು ಅವನೇ. ಸ್ಲೆಡ್ಜ್‌ನ ವಾಕ್ಯಗಳಲ್ಲಿ ಜೀವಶಾಸ್ತ್ರಜ್ಞನ ಕಣ್ಣಿದೆ. ಕೆಸರು ಹೇಗಿತ್ತು, ನೊಣ ಯಾಕೆ ಹಾರಲಾರದಷ್ಟು ದಪ್ಪವಾಗಿತ್ತು, ಕುಡಿಯುವ ನೀರಿಗೆ ಎಣ್ಣೆಯ ಪೀಪಾಯಿಯ ತುಕ್ಕು ಹೇಗೆ ಸೇರಿತು, ಎಲ್ಲವನ್ನೂ ಲ್ಯಾಬ್ ರೆಕಾರ್ಡ್ ಬರೆದ ಹಾಗೆ ಬರೆಯುತ್ತಾನೆ. ಇಂಥದ್ದನ್ನು ಗದ್ಗದ ಕಂಠದಲ್ಲಿ ಓದಿದರೆ ಕೆಟ್ಟುಹೋಗುತ್ತದೆ.

ಯುದ್ಧದ ನೆನಪಿಗೆ ಬೇಕಾದದ್ದು ತಡೆದುಕೊಂಡ ಧ್ವನಿ. ಹಿನ್ನೆಲೆಯಲ್ಲಿ ಪಿಟೀಲು ಬಾರಿಸಿ, ಗುಂಡಿನ ಸದ್ದು ಸೇರಿಸಿ, ಸಾಯುವವನ ಮಾತಿಗೆ ಏದುಸಿರು ಬೆರೆಸಿ ಓದುವ ನಿರೂಪಕರಿದ್ದಾರೆ. ಐದು ನಿಮಿಷ ಕೇಳಿ ನಾನು ಬಂದ್ ಮಾಡುತ್ತೇನೆ. ಸತ್ತದ್ದು ನಿಜವಾದ ಹುಡುಗ. ಅವನ ಸಾವಿನಲ್ಲಿ ನಿರೂಪಕ ನಟನೆಯ ಬಹುಮಾನ ಗೆಲ್ಲಬಾರದು.

ವೆರಾ ಬ್ರಿಟನ್ ಬರೆದ 'ಟೆಸ್ಟಮೆಂಟ್ ಆಫ್ ಯೂತ್' 1933ರ ಪುಸ್ತಕ. ಆಕ್ಸ್‌ಫರ್ಡ್ ಓದು ಬಿಟ್ಟು ಮೊದಲ ಮಹಾಯುದ್ಧದಲ್ಲಿ ನರ್ಸ್ ಆದವಳು. 1915ರ ಕ್ರಿಸ್‌ಮಸ್‌ಗೆ ಮದುವೆ ನಿಶ್ಚಯವಾದ ಹುಡುಗ ರಜೆಯ ಮೇಲೆ ಬರುತ್ತಾನೆಂದು ಬ್ರೈಟನ್ನಿನ ಹೋಟೆಲಿನಲ್ಲಿ ಕಾಯುತ್ತಾಳೆ. ಮಾರನೆಯ ದಿನ ಫೋನ್ ಬರುತ್ತದೆ. ಬಂದೆ ಅಂತ ಹೇಳಲು ಅವನೇ ಮಾಡಿದ್ದಾನೆಂದು ಓಡುತ್ತಾಳೆ. ಮಾಡಿದ್ದು ಅವನ ತಂಗಿ, ಅವನು 23ರಂದೇ ತೀರಿಕೊಂಡಿದ್ದಾನೆಂದು ಹೇಳಲು. ಮುಂದೆ ಇಬ್ಬರು ಸ್ನೇಹಿತರು, ಕೊನೆಗೆ 1918ರಲ್ಲಿ ಇಟಲಿಯಲ್ಲಿ ಒಬ್ಬನೇ ತಮ್ಮನೂ ಹೋಗುತ್ತಾನೆ. ಆ ತಮ್ಮ ಜರ್ಮನರ ವಿರುದ್ಧ ಹೋರಾಡುತ್ತಿದ್ದ ದಿನಗಳಲ್ಲಿ ಇವಳು ಫ್ರಾನ್ಸಿನಲ್ಲಿ ಗಾಯಗೊಂಡ ಜರ್ಮನ್ ಕೈದಿಗಳ ಶುಶ್ರೂಷೆ ಮಾಡುತ್ತಿದ್ದಳು. ತುಂಬಾ ಉದ್ದದ ಪುಸ್ತಕ. ಮೊದಲ ಕೆಲವು ಗಂಟೆ ಎಳೆದಂತೆ ಅನಿಸುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಆ ಎಳೆತವೇ ಮುಂದೆ ಕೆಲಸ ಮಾಡುತ್ತದೆ. ಆ ಹುಡುಗರು ನಮಗೂ ಪರಿಚಯವಾಗಿಬಿಟ್ಟಿರುತ್ತಾರೆ.

ಇಲ್ಲಿ ನನ್ನ ಕಸುಬಿನ ಒಂದು ಮಾತು ಸೇರಿಸಬೇಕು. ನಾನು ಎಂಟೆಕ್‌ನಲ್ಲಿ ಓದಿದ್ದು ಸಿಗ್ನಲ್ ಪ್ರೊಸೆಸಿಂಗ್. ಆಪ್‌ನಲ್ಲಿ ವೇಗವನ್ನು 1.5 ಪಟ್ಟು ಮಾಡಿದರೂ ಧ್ವನಿ ಕೀರಲಾಗುವುದಿಲ್ಲ, ಗಮನಿಸಿದ್ದೀರಾ? ಧ್ವನಿಯನ್ನು ಸೆಕೆಂಡಿನ ಸಣ್ಣ ಸಣ್ಣ ಚೂರುಗಳಾಗಿ ಕತ್ತರಿಸಿ, ಒಂದರ ಮೇಲೊಂದು ಸ್ವಲ್ಪ ಹೇರಿ ಮತ್ತೆ ಜೋಡಿಸುತ್ತಾರೆ, ಆದ್ದರಿಂದ ಶ್ರುತಿ ಬದಲಾಗದೆ ಸಮಯ ಮಾತ್ರ ಕುಗ್ಗುತ್ತದೆ. ಕೆಲವು ಆಪ್‌ಗಳಲ್ಲಿ ಮೌನವನ್ನು ಕತ್ತರಿಸುವ ಸೌಲಭ್ಯವೂ ಇದೆ. ಶಬ್ದದ ಮಟ್ಟ ಇಳಿದ ಕಡೆ ಅದು ಖಾಲಿ ಜಾಗ ಅಂತ ತಿಳಿದು ಕಿತ್ತುಹಾಕುತ್ತದೆ. ಎಂಜಿನಿಯರಿಂಗ್ ದೃಷ್ಟಿಯಲ್ಲಿ ಚಂದದ ಕೆಲಸ. ಅಂತರಿಕ್ಷ ನೌಕೆಯ ಎಂಜಿನ್ ವಿವರಣೆಗೆ ನಾನೂ ವೇಗ ಏರಿಸುತ್ತೇನೆ. ಯುದ್ಧದ ನೆನಪಿಗೆ ಬೇಡ. ವೆರಾ ಫೋನ್ ಎತ್ತಿಕೊಳ್ಳುವುದಕ್ಕೂ ಆ ಕಡೆಯಿಂದ ಮಾತು ಬರುವುದಕ್ಕೂ ನಡುವೆ ಇರುವ ಒಂದು ಸೆಕೆಂಡ್ ಖಾಲಿ ಅಲ್ಲ.

ಈಗ ಆ ಇನ್ನೊಂದು ಕಪಾಟಿಗೆ ಬರುತ್ತೇನೆ. ಕರ್ಟ್ ವೊನೆಗಟ್ ಎರಡನೇ ಮಹಾಯುದ್ಧದಲ್ಲಿ ಜರ್ಮನರ ಕೈಗೆ ಸಿಕ್ಕಿದ ಅಮೆರಿಕನ್ ಸೈನಿಕ. 1945ರ ಫೆಬ್ರವರಿ 13ರ ರಾತ್ರಿ ಮಿತ್ರಪಡೆಗಳ ಬಾಂಬ್ ದಾಳಿಯಲ್ಲಿ ಡ್ರೆಸ್ಡನ್ ನಗರ ಉರಿದಾಗ ಅವನು ಕಸಾಯಿಖಾನೆಯ ನೆಲಮಾಳಿಗೆಯಲ್ಲಿ, ಮಾಂಸ ಇಡುವ ಕೋಣೆಯಲ್ಲಿದ್ದ, ಅದಕ್ಕೇ ಬದುಕಿದ. ಮೇಲೆ ಬಂದ ಮೇಲೆ ಅವಶೇಷಗಳಡಿಯಿಂದ ಹೆಣ ತೆಗೆಯುವ ಕೆಲಸಕ್ಕೆ ಹಚ್ಚಿದರು. ಇದನ್ನು ಬರೆಯಬೇಕೆಂದು ಎರಡು ದಶಕಕ್ಕೂ ಮೀರಿ ಒದ್ದಾಡಿದ. ಬರೆಯಲಾಗಲಿಲ್ಲ. ಕೊನೆಗೆ 1969ರಲ್ಲಿ ಬಂದ 'ಸ್ಲಾಟರ್‌ಹೌಸ್ ಫೈವ್' ಕಾದಂಬರಿಯಲ್ಲಿ ಅನ್ಯಗ್ರಹದ ಜೀವಿಗಳಿದ್ದಾರೆ! ಕಾಲದಲ್ಲಿ ಹಿಂದೆ ಮುಂದೆ ಜಾರುವ ಬಿಲ್ಲಿ ಎಂಬ ಕನ್ನಡಕದ ವೈದ್ಯನಿದ್ದಾನೆ. ಕಣ್ಣಾರೆ ಕಂಡದ್ದನ್ನು ನೇರವಾಗಿ ಹೇಳಲು ಬಾಯಿ ಬರದವನು ಹಾರುವ ತಟ್ಟೆಯ ಸಹಾಯ ಪಡೆದ.

ಇದನ್ನು ಓದುವಾಗ ಬಿಲ್ಲಿ ಒಂದು ಕಾಲದಿಂದ ಇನ್ನೊಂದಕ್ಕೆ ಜಾರುವಲ್ಲಿ ಖಾಲಿ ಸಾಲು ಇರುತ್ತದೆ, ನಾವು ಸಿದ್ಧರಾಗುತ್ತೇವೆ. ಕೇಳುವಾಗ ಅದಿಲ್ಲ. ಸ್ವಂತ ಮನೆಯಲ್ಲಿ ಕಣ್ಣು ಮುಚ್ಚಿದವನು ಅರ್ಧ ಉಸಿರಿನೊಳಗೆ ಹಿಮದಲ್ಲಿ ಕೈದಿಯಾಗಿ ನಡೆಯುತ್ತಿರುತ್ತಾನೆ. ಅರೆ, ಏನೋ ತಪ್ಪಿಸಿಕೊಂಡೆನಾ ಅಂತ ಫೋನ್ ಹುಡುಕಿದ್ದೇನೆ. ತಪ್ಪಿರುವುದಿಲ್ಲ. ಯುದ್ಧದಿಂದ ಬಂದವರ ತಲೆಯೊಳಗೆ ನೆನಪು ನುಗ್ಗುವುದು ಹೀಗೇ ಇರಬೇಕು, ಖಾಲಿ ಸಾಲು ಬಿಟ್ಟು ಅಲ್ಲ. ಇನ್ನೊಂದು, ಪ್ರತಿ ಸಾವಿನ ನಂತರ ಬರುವ ಮೂರು ಪದಗಳ ಒಂದು ಪಲ್ಲವಿ. ಪುಸ್ತಕದಲ್ಲಿ ನೂರಕ್ಕೂ ಹೆಚ್ಚು ಸಲ ಬರುತ್ತದೆ. ಕಣ್ಣಿಗೆ ಅದು ಹತ್ತನೇ ಸಲಕ್ಕೆ ಅಭ್ಯಾಸವಾಗುತ್ತದೆ. ಕಿವಿಗೆ ಮಾತ್ರ ಅದು ತಾಳದ ಪೆಟ್ಟು. ನಟ ಈಥನ್ ಹಾಕ್ ಓದಿದ್ದನ್ನು ಕೇಳಿ, ಅಬ್ಬರವೇ ಇಲ್ಲ.

ಈ ಪುಸ್ತಕದ ಮೊದಲ ಅಧ್ಯಾಯದಲ್ಲಿ ಒಬ್ಬ ಹೆಂಗಸು ಬರುತ್ತಾಳೆ, ಅವಳಿಗಾಗಿಯೇ ನಾನು ಇವತ್ತಿನ ವಿಷಯ ಆರಿಸಿಕೊಂಡೆ ಅನ್ನಬಹುದು. ವೊನೆಗಟ್ ತನ್ನ ಹಳೆಯ ಯುದ್ಧದ ಗೆಳೆಯನ ಮನೆಗೆ ಹೋಗುತ್ತಾನೆ, ಇಬ್ಬರೂ ಕೂತು ನೆನಪು ಮಾಡಿಕೊಂಡರೆ ಪುಸ್ತಕ ಆದೀತು ಅಂತ. ಗೆಳೆಯನ ಹೆಂಡತಿ ಮೇರಿ ಒಹೇರ್‌ಗೆ ಸಿಟ್ಟು. ಅಡುಗೆಮನೆಯಲ್ಲಿ ಸದ್ದು ಮಾಡುತ್ತಾ ಓಡಾಡುತ್ತಾಳೆ. (ಆ ಸದ್ದಿನ ಭಾಷೆ ನಮಗೆಲ್ಲ ಅರ್ಥವಾಗುತ್ತದೆ.) ಕೊನೆಗೆ ಬಾಯಿ ಬಿಟ್ಟು ಹೇಳುತ್ತಾಳೆ: ಆಗ ನೀವಿಬ್ಬರೂ ಹಾಲುಗಲ್ಲದ ಹುಡುಗರು, ಆದರೆ ನೀನು ಬರೆಯುವಾಗ ದೊಡ್ಡ ಗಂಡಸರು ಅಂತ ಬರೆಯುತ್ತೀಯ, ಸಿನಿಮಾದಲ್ಲಿ ದೊಡ್ಡ ಹೀರೋಗಳು ಮಾಡುತ್ತಾರೆ, ಅದನ್ನು ನೋಡಿ ಇನ್ನೊಂದು ಯುದ್ಧ ಚಂದ ಅನಿಸುತ್ತದೆ, ಅದಕ್ಕೆ ಮತ್ತೆ ಮಕ್ಕಳೇ ಹೋಗುತ್ತಾರೆ ಎಂಬ ಅರ್ಥದಲ್ಲಿ. ವೊನೆಗಟ್ ಅವಳಿಗೆ ಮಾತು ಕೊಡುತ್ತಾನೆ. ಪುಸ್ತಕದ ಇನ್ನೊಂದು ಹೆಸರಿನಲ್ಲೇ ಮಕ್ಕಳ ಧರ್ಮಯುದ್ಧ ಎಂಬ ಪದ ಇಟ್ಟು, ಪುಸ್ತಕವನ್ನು ಅವಳಿಗೂ ಅರ್ಪಿಸುತ್ತಾನೆ. ಅವಳು ಯುದ್ಧಕ್ಕೆ ಹೋದವಳಲ್ಲ. ಆದರೆ ಆ ಪುಸ್ತಕದ ದಾರಿ ತಿದ್ದಿದವಳು ಅವಳೇ.

ಎರಡನೆಯವನು ಜೋ ಹಾಲ್ಡಮನ್. ಭೌತಶಾಸ್ತ್ರ ಮತ್ತು ಖಗೋಳ ವಿಜ್ಞಾನ ಓದಿದವನು, ಡಿಗ್ರಿ ಮುಗಿದ ತಕ್ಷಣ 1967ರಲ್ಲಿ ಸೈನ್ಯಕ್ಕೆ ಕಡ್ಡಾಯ ಕರೆ ಬಂತು, ವಿಯೆಟ್ನಾಮಿನಲ್ಲಿ ಗಾಯಗೊಂಡ. 1974ರ ಅವನ 'ದಿ ಫಾರೆವರ್ ವಾರ್' ಅನ್ನು ಎಷ್ಟೋ ಪ್ರಕಾಶಕರು ತಿರಸ್ಕರಿಸಿದ್ದರು. ಆಮೇಲೆ ಅದಕ್ಕೇ ಹ್ಯೂಗೋ, ನೆಬ್ಯುಲಾ ಎರಡೂ ಬಂದವು. ಬೆಳಕಿನ ವೇಗಕ್ಕೆ ತೀರಾ ಹತ್ತಿರ ಹೋದ ನೌಕೆಯಲ್ಲಿ ಸಮಯ ನಿಧಾನವಾಗುತ್ತದೆ ಎಂಬುದು ಐನ್‌ಸ್ಟೈನ್ ಹೇಳಿದ ಸತ್ಯ. ಬೆಳಕಿನ ವೇಗದ ಶೇಕಡಾ 99.5ರಷ್ಟು ವೇಗದಲ್ಲಿ ಹೋದರೆ ನೌಕೆಯೊಳಗೆ ಒಂದು ವರ್ಷ ಕಳೆಯುವಷ್ಟರಲ್ಲಿ ಭೂಮಿಯಲ್ಲಿ ಸುಮಾರು ಹತ್ತು ವರ್ಷ. ಹಾಲ್ಡಮನ್‌ನ ಸೈನಿಕ ಒಂದೆರಡು ವರ್ಷ ಯುದ್ಧ ಮಾಡಿ ಮನೆಗೆ ಬಂದರೆ ಊರಿನಲ್ಲಿ ದಶಕಗಳು ಕಳೆದಿವೆ. ಅಮ್ಮ ಮುದುಕಿಯಾಗಿದ್ದಾಳೆ. ಭಾಷೆ, ಬೆಲೆ, ನಡವಳಿಕೆ ಏನೂ ಗೊತ್ತಾಗುವುದಿಲ್ಲ. ತಡೆಯಲಾರದೆ ಮತ್ತೆ ಸೈನ್ಯಕ್ಕೇ ಹೋಗುತ್ತಾನೆ. ಇದು ವಿಜ್ಞಾನವೂ ಹೌದು, ವಿಯೆಟ್ನಾಮಿನಿಂದ ಮನೆಗೆ ಮರಳಿದವನ ಆತ್ಮಕಥೆಯೂ ಹೌದು. ಮನೆಗೆ ಬರುವ ಈ ಭಾಗ ತುಂಬಾ ನಿರಾಶೆಯದು ಅಂತ ಮೊದಲು ಪತ್ರಿಕೆಯ ಸಂಪಾದಕರು ಬೇಡ ಅಂದಿದ್ದರಂತೆ. ಈಗಿನ ಆವೃತ್ತಿಗಳಲ್ಲಿ ಅದು ಮರಳಿ ಸೇರಿದೆ, ಅದನ್ನೇ ಕೇಳಿ.

ಕೊನೆ ಹೇಳಿಬಿಡುತ್ತೇನೆ, ಐವತ್ತು ವರ್ಷದ ಹಿಂದಿನ ಪುಸ್ತಕ. ಸಾವಿರದ ಚಿಲ್ಲರೆ ವರ್ಷ ನಡೆದ ಯುದ್ಧ ಒಂದು ತಪ್ಪು ತಿಳಿವಳಿಕೆಯಿಂದ ಶುರುವಾದದ್ದು ಅಂತ ತಿಳಿಯುತ್ತದೆ. ನಾಯಕನ ಪ್ರೇಯಸಿ ಮೇರಿಗೇ ನೂರಾರು ವರ್ಷ ಹಿಂದೆಯೇ ಯುದ್ಧದಿಂದ ಹೊರಬಂದಿದ್ದಾಳೆ. ಅವಳು ಒಂದು ನೌಕೆ ಹತ್ತಿ ಸುಮ್ಮನೆ ಸುತ್ತುತ್ತಿರುತ್ತಾಳೆ, ಹತ್ತು ವರ್ಷಕ್ಕೆ ಒಂದು ತಿಂಗಳಷ್ಟೇ ವಯಸ್ಸಾಗುವ ಹಾಗೆ, ಅವನು ಬರುವವರೆಗೆ. ಕಾಯುವುದಕ್ಕೆ ಒಂದು ಯಂತ್ರ. ಹಾಲ್ಡಮನ್‌ನ ಹೆಂಡತಿಯ ಹೆಸರೂ ಮೇರಿ ಗೇ. ಇದನ್ನು ಕೇಳಿದಾಗ ನಾನು ಆಫೀಸ್ ಪಾರ್ಕಿಂಗ್‌ನಲ್ಲಿ ಗಾಡಿ ನಿಲ್ಲಿಸಿ ಹತ್ತು ನಿಮಿಷ ಇಳಿಯಲಿಲ್ಲ.

ಹೋಲಿಕೆಗೆ ರಾಬರ್ಟ್ ಹೈನ್‌ಲೈನ್ ಬರೆದ 'ಸ್ಟಾರ್‌ಶಿಪ್ ಟ್ರೂಪರ್ಸ್' (1959). ಅವನು ನೌಕಾಪಡೆಯಲ್ಲಿದ್ದವನು, ಕ್ಷಯ ರೋಗದಿಂದ ಹೊರಬಂದ, ಕದನ ಕಂಡವನಲ್ಲ. ಪುಸ್ತಕದ ಅರ್ಧ ಭಾಗ ತರಗತಿಯ ಉಪನ್ಯಾಸ. ಕಾಗದದಲ್ಲಿ ಹೇಗೋ, ಕಿವಿಗೆ ಬೇಸರ. ನನ್ನ ಯಜಮಾನರಿಗೆ ಇದು ಬಹಳ ಇಷ್ಟ, ಆ ವಾದ ಮನೆಯಲ್ಲೇ ಇರಲಿ.

ವೈಜ್ಞಾನಿಕ ಕಾದಂಬರಿ ಓದುವವರಿಗೆ ನಾನು ಬೇರೆ ನಿಯಮ ಹಾಕುತ್ತೇನೆ. ಇಲ್ಲಿ ನಟನೆ ಬೇಕು. ಇಲ್ಲದ್ದನ್ನು ಇದೆ ಅನಿಸಬೇಕಲ್ಲ! ಆಂಡಿ ವೇಯರ್‌ನ 'ಪ್ರಾಜೆಕ್ಟ್ ಹೇಲ್ ಮೇರಿ' (2021) ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಒಂದು ಅನ್ಯಜೀವಿಯ ಭಾಷೆಯೇ ಸ್ವರಗಳು. ಪುಟದಲ್ಲಿ ಬರೀ ಸಂಗೀತದ ಚಿಹ್ನೆ ಕಾಣುತ್ತದೆ. ರೇ ಪೋರ್ಟರ್ ಓದಿದ ಆಡಿಯೋದಲ್ಲಿ ನಿಜವಾಗಿ ಸ್ವರಗಳು ಕೇಳಿಸುತ್ತವೆ. ಪುಸ್ತಕಕ್ಕಿಂತ ಆಡಿಯೋ ಮೇಲು ಅಂತ ನಾನು ಧೈರ್ಯವಾಗಿ ಹೇಳುವ ಕೆಲವೇ ಕೃತಿಗಳಲ್ಲಿ ಇದೊಂದು. ಅವನದೇ 'ದಿ ಮಾರ್ಷನ್' ಕಿವಿಗೆ ಒಗ್ಗುವುದು ಬೇರೆ ಕಾರಣಕ್ಕೆ. ಮಂಗಳ ಗ್ರಹದಲ್ಲಿ ಒಂಟಿಯಾದವನು ದಿನಾ ತನ್ನ ದಿನಚರಿಗೆ ಹೇಳಿಕೊಳ್ಳುವುದೇ ಕಥೆ. ಅಂದರೆ ಕಟ್ಟುಕತೆ ಬದುಕಿ ಬಂದವನ ನೆನಪಿನ ದನಿಯನ್ನು ಸಾಲ ಪಡೆದಿದೆ. 1938ರ ಅಕ್ಟೋಬರ್ 30ರಂದು ಆರ್ಸನ್ ವೆಲ್ಸ್ ರೇಡಿಯೋದಲ್ಲಿ ಮಂಗಳದವರ ದಾಳಿಯ ನಾಟಕ ಪ್ರಸಾರ ಮಾಡಿ ಕೆಲವು ಕೇಳುಗರನ್ನು ಹೆದರಿಸಿದ್ದೂ ಇದೇ ಉಪಾಯದಿಂದ. ನಾಟಕವನ್ನು ವಾರ್ತೆಯ ದನಿಯಲ್ಲಿ ಹೇಳಿಸಿದ. ಕಂಡವನು ಕಲ್ಪನೆಯ ಮರೆ ಹುಡುಕುತ್ತಾನೆ, ಕಲ್ಪಿಸಿದವನು ಕಂಡವನ ದನಿ ಹುಡುಕುತ್ತಾನೆ. ನೆಂಟರು ಅಂದದ್ದು ಅದಕ್ಕೇ.

ಇಲ್ಲಿಯವರೆಗೆ ಹೆಂಗಸರು ಬಂದದ್ದು ಹೆಚ್ಚಾಗಿ ಹೆಂಡತಿಯರಾಗಿ, ಪ್ರೇಯಸಿಯರಾಗಿ. ಬಂದೂಕು ಹಿಡಿದ ಹೆಂಗಸರು? ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಸೇನೆಯಲ್ಲಿ ಎಂಟರಿಂದ ಹತ್ತು ಲಕ್ಷ ಹೆಂಗಸರಿದ್ದರು. ಗುರಿಕಾರರು, ವಿಮಾನ ಚಾಲಕಿಯರು, ನೆಲಬಾಂಬ್ ತೆಗೆಯುವವರು, ನರ್ಸುಗಳು, ಬಟ್ಟೆ ಒಗೆಯುವ ದಳದವರು. ಬೆಲಾರೂಸಿನ ಪತ್ರಕರ್ತೆ ಸ್ವೆಟ್ಲಾನಾ ಅಲೆಕ್ಸಿಯೇವಿಚ್ ಕ್ಯಾಸೆಟ್ ರೆಕಾರ್ಡರ್ ಹಿಡಿದು ಊರೂರು ಅಲೆದು ಇವರ ಮಾತು ದಾಖಲಿಸಿದಳು. ಆ ಪುಸ್ತಕ, 'ದಿ ಅನ್‌ವುಮನ್ಲಿ ಫೇಸ್ ಆಫ್ ವಾರ್', 1985ರಲ್ಲಿ ಹೊರಬಂತು. ಅದಕ್ಕೂ ಮೊದಲು, ಇದರಲ್ಲಿ ವೀರತ್ವ ಇಲ್ಲ, ಇದು ನಮ್ಮ ವಿಜಯಕ್ಕೆ ಅವಮಾನ ಅಂತ ತಡೆದಿದ್ದರು, ಕತ್ತರಿಸಿದ್ದರು. ಕತ್ತರಿಸಿದ್ದನ್ನು ಅವಳು ಮುಂದಿನ ಆವೃತ್ತಿಗಳಲ್ಲಿ ಮತ್ತೆ ಸೇರಿಸಿದಳು. 2015ರಲ್ಲಿ ನೊಬೆಲ್ ಬಂತು.

ಗಂಡಸರ ಪುಸ್ತಕದಲ್ಲಿ ಕಾಣದ ಸಂಗತಿಗಳು ಇಲ್ಲಿವೆ. ಕಾಲಿಗೆ ಎರಡರಷ್ಟು ದೊಡ್ಡ ಬೂಟು, ಗಂಡಸರ ಒಳಉಡುಪು, ಕತ್ತರಿಸಿಕೊಂಡ ಜಡೆ, ಮುಟ್ಟಿನ ದಿನಗಳಲ್ಲಿ ನಡೆದ ಮೈಲಿಗಟ್ಟಲೆ ದಾರಿ. ಯುದ್ಧ ಮುಗಿದು ಬಂದ ಮೇಲೆ ಪದಕಗಳನ್ನು ಬಚ್ಚಿಟ್ಟರು, ಯಾಕೆಂದರೆ ಗಂಡಸರ ನಡುವೆ ಇದ್ದು ಬಂದವಳು ಅಂತ ಮದುವೆಗೆ ಒಪ್ಪುತ್ತಿರಲಿಲ್ಲ. ಒಂದು ಮನೆಯ ಪ್ರಸಂಗ ನಾನು ಮರೆಯುವುದಿಲ್ಲ. ಗಂಡನೂ ಹೆಂಡತಿಯೂ ಯುದ್ಧದಲ್ಲಿದ್ದವರೇ. ಸಂದರ್ಶನದ ಹಿಂದಿನ ರಾತ್ರಿ ಗಂಡ ಅವಳನ್ನು ಕೂರಿಸಿಕೊಂಡು ಯುದ್ಧದ ಅಧಿಕೃತ ಇತಿಹಾಸ ಪಾಠ ಮಾಡಿದ್ದಾನೆ, ನಾನು ಕಲಿಸಿದ ಹಾಗೆ ಹೇಳು ಅಂತ. ಅವಳು ಹೇಳಿದ್ದು ತನಗೆ ನೆನಪಿದ್ದದ್ದನ್ನು.

ಇದರ ಆಡಿಯೋದಲ್ಲಿ ಒಂದು ತೊಡಕಿದೆ. ನೂರಾರು ಹೆಂಗಸರ ಮಾತನ್ನು ಬೆರಳೆಣಿಕೆಯ ನಟಿಯರು ಓದುವಾಗ ಯಾರು ಯಾರು ಅಂತ ಕಿವಿಗೆ ಬೇರೆಯಾಗುವುದಿಲ್ಲ, ಹೆಸರು, ಹುದ್ದೆ ಕಲೆಸಿಹೋಗುತ್ತದೆ. ಅದು ಕೊರತೆಯೇ. ಆದರೂ ನನಗೆ ಈ ಪುಸ್ತಕ ಕೇಳಬೇಕಾದ್ದೇ ಅನಿಸುತ್ತದೆ. ಬಾಯಿಂದ ಟೇಪಿಗೆ, ಟೇಪಿನಿಂದ ಕಾಗದಕ್ಕೆ ಹೋದದ್ದು ಮತ್ತೆ ಬಾಯಿಗೆ ಬಂದಿದೆ.

ಈಗ ಕಂಪ್ಯೂಟರ್ ಧ್ವನಿಯಲ್ಲೂ ಪುಸ್ತಕಗಳು ಬರುತ್ತಿವೆ. ನಾನು ಈ ಕ್ಷೇತ್ರದ ನೆರೆಯವಳೇ, ಬೈಯುವುದಿಲ್ಲ. ಕನ್ನಡದಂಥ ಭಾಷೆಗೆ ಸಾವಿರಾರು ಪುಸ್ತಕಗಳನ್ನು ಕೈಯಿಂದ ಓದಿಸಲು ಹಣ ಎಲ್ಲಿದೆ? ಕಣ್ಣು ಕಾಣದ ವಿದ್ಯಾರ್ಥಿಗೆ ಯಂತ್ರದ ದನಿಯಾದರೂ ಬೇಕು. ಆದರೆ ಯಂತ್ರ ಎಲ್ಲಿ ನಿಲ್ಲಬೇಕು ಅಂತ ಕಲಿತದ್ದು ಅಲ್ಪವಿರಾಮ, ಪೂರ್ಣವಿರಾಮಗಳ ಲೆಕ್ಕದಿಂದ. ತಮ್ಮನ ಸಾವಿನ ಸುದ್ದಿಯ ಮುಂದೆ ಅಲ್ಪವಿರಾಮ ಇರಬೇಕೆಂದಿಲ್ಲ. ರೋಬಾಟ್ ಪಾತ್ರದ ಮಾತನ್ನು ಯಂತ್ರ ಓದಲಿ, ಸ್ಲೆಡ್ಜ್‌ನನ್ನು ಮನುಷ್ಯನೇ ಓದಲಿ.

ಕನ್ನಡದ ಪರಿಸ್ಥಿತಿ ಏನು? ಮೈಲ್ಯಾಂಗ್, ಸ್ಟೋರಿಟೆಲ್‌ನಂಥ ಆಪ್‌ಗಳಿಂದ ಕನ್ನಡ ಕೇಳುಪುಸ್ತಕಗಳು ಈಗ ಸಿಗುತ್ತವೆ, ಕಥೆ ಕಾದಂಬರಿಗಳು ಸಾಕಷ್ಟಿವೆ. 1962ರ ಯುದ್ಧದಲ್ಲಿ ಏಳನೇ ಬ್ರಿಗೇಡಿನ ಮುಖ್ಯಸ್ಥನಾಗಿದ್ದು ಚೀನಾದ ಕೈದಿಯಾದ ಬ್ರಿಗೇಡಿಯರ್ ಜಾನ್ ದಳವಿ ಬರೆದ 'ಹಿಮಾಲಯನ್ ಬ್ಲಂಡರ್' ಅನ್ನು ರವಿ ಬೆಳಗೆರೆ ಕನ್ನಡಕ್ಕೆ ತಂದರು, ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿದೆ. ಆಡಂಬರವಿಲ್ಲದ ಒಂದು ಕನ್ನಡ ದನಿಯಲ್ಲಿ ಅದನ್ನು ಕೇಳಬೇಕೆಂದು ನನಗೆ ಆಸೆ.

ಇನ್ನೊಂದು ಆಸೆಗೆ ಯಾವ ಪ್ರಕಾಶಕರೂ ಬೇಕಾಗಿಲ್ಲ. ಪುಣೆ ದಕ್ಷಿಣ ಕಮಾಂಡಿನ ಕೇಂದ್ರ. ಸೇನೆಯಿಂದ ನಿವೃತ್ತರಾಗಿ ಇಲ್ಲೇ ನೆಲೆಸಿದ ಕನ್ನಡಿಗರ ಮನೆಗಳು ನಮ್ಮ ನಡುವೆಯೇ ಇವೆ. ಊರಿನ ಹೆಸರೇ ಇಲ್ಲದ, ಬರೀ 56 ಎಪಿಒ ಅಂತ ವಿಳಾಸ ಇರುವ ಕವರಿಗೆ ಕಾದವರು, ಗಂಡ ಎಲ್ಲಿದ್ದಾನೆಂದು ತಿಳಿಯದೆ 1971ರಲ್ಲಿ ಮಕ್ಕಳನ್ನು ಶಾಲೆಗೆ ಕಳಿಸಿದವರು, ಸೇನಾ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು ಇದ್ದರೆ ದಯವಿಟ್ಟು ನನಗೆ ಹೇಳಿ. ಗುಟ್ಟಿನ ವಿಷಯ ಯಾವುದೂ ಬೇಡ. ಅಡುಗೆ ಏನು ಮಾಡಿದ್ದಿರಿ, ರೇಡಿಯೋದಲ್ಲಿ ಏನು ಕೇಳಿದಿರಿ, ಮಗು ಏನು ಕೇಳಿತು, ಅಷ್ಟು ಸಾಕು. ರೆಕಾರ್ಡ್ ಮಾಡಲು ಫೋನ್ ಸಾಕು. ನಾನು ಶನಿವಾರ ಮಧ್ಯಾಹ್ನ ಬರುತ್ತೇನೆ. ನಡುವೆ ಬಾಯಿ ಹಾಕುವುದಿಲ್ಲ, ಮೌನ ಬಂದರೆ ಕತ್ತರಿಸುವುದಿಲ್ಲ. ಯಜಮಾನರನ್ನು ಮಾತ್ರ ಆ ಒಂದು ಗಂಟೆ ವಾಕಿಂಗ್‌ಗೆ ಕಳಿಸಿಬಿಡಿ.